ಮನೆಯ ಪ್ರಿಂಟರಿಗೆ ತಂತಿಯಿಲ್ಲದ ನೆಂಟಸ್ತನ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ಸಲ ಇದೇ ವೇದಿಕೆಯಲ್ಲಿ ನಮ್ಮನ್ನು ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಲು ಕರೆದಿದ್ದರು. ಅರ್ಧ ಗಂಟೆ ಸಿಹಿಯ ವಿರುದ್ಧ ಮಾತನಾಡಿ, ಆಮೇಲೆ ಹೋಳಿಗೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದೆವು. ಅಲ್ಲಿಯೇ ಐದಾರು ಜನ ನಮ್ಮನ್ನು ಹಿಡಿದರು. ಮೂವರದು ರಕ್ತದೊತ್ತಡದ ಪ್ರಶ್ನೆ. ಉಳಿದವರು ಕೇಳಿದ್ದು, “ಡಾಕ್ಟ್ರೇ, ನಿಮ್ಮ ಮನೆಯಲ್ಲಿ ಪ್ರಿಂಟರ್ ವೈ-ಫೈನಲ್ಲಿ ಕೆಲಸ ಮಾಡುತ್ತಾ?” ಎಂದು. ವೈದ್ಯರಿಗೆ ಕೇಳುವ ಪ್ರಶ್ನೆಯೇ ಇದು ಎಂದು ತಾವು ನಗಬಹುದು. ಆದರೆ ಕೇಳಿದವರ ಮುಖದಲ್ಲಿದ್ದ ಸಂಕಟವನ್ನು ನಾವು ಕ್ಲಿನಿಕ್‌ನಲ್ಲಿ ದಿನವೂ ನೋಡುತ್ತೇವೆ. ಅದು ನಾಲ್ಕು ಕಡೆ ತೋರಿಸಿ, ಎಲ್ಲರಿಂದಲೂ “ಆಫ್ ಮಾಡಿ ಆನ್ ಮಾಡಿ” ಎಂಬ ಒಂದೇ ಔಷಧಿ ತೆಗೆದುಕೊಂಡು, ಗುಣ ಕಾಣದೆ ಬಂದವರ ಮುಖ.

ಅಂದು ನಾವು ಉತ್ತರ ಕೊಡಲಿಲ್ಲ. ನಕ್ಕು ಜಾರಿಕೊಂಡೆವು. ಆಮೇಲೆ ನಮ್ಮ ಮನೆಯಲ್ಲೇ ಒಂದು ಘಟನೆ ನಡೆಯಿತು. ಅದನ್ನು ಹೇಳಲೆಂದೇ ಈ ಸಲ ಈ ವಿಷಯವನ್ನು ಬೇಡಿ ಪಡೆದಿದ್ದೇವೆ.

ಮೊದಲು ನಮ್ಮ ಊರುಗಳ ಬಗ್ಗೆ ಒಂದು ಮಾತು. ಟೆಕ್ಸಸ್ ಎಂದರೆ ದನ, ಎಣ್ಣೆ, ದೊಡ್ಡ ಟೋಪಿ ಎಂದುಕೊಂಡಿರುವ ಬೆಂಗಳೂರಿನ ನೆಂಟರಿಗೆ ತಾವು ಇದನ್ನು ಹೇಳಬಹುದು. 1958ರ ಸೆಪ್ಟೆಂಬರ್ 12ರಂದು ಜ್ಯಾಕ್ ಕಿಲ್ಬಿಯವರು ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ತೋರಿಸಿದ್ದು ಈ ಡಾಲಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ. ಅದಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅವರೇ ಥರ್ಮಲ್ ಪ್ರಿಂಟರನ್ನು ಕಂಡುಹಿಡಿದವರಲ್ಲಿಯೂ ಒಬ್ಬರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ರಸೀದಿ ಹೊರಬರುವಾಗಲೆಲ್ಲ ಅವರನ್ನು ನೆನೆಯಬಹುದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಹೋದ ಮೂವರು 1982ರಲ್ಲಿ ಹ್ಯೂಸ್ಟನ್‌ನಲ್ಲಿ ಕಾಂಪ್ಯಾಕ್ ಕಂಪನಿ ಕಟ್ಟಿದರು. ಅದನ್ನು 2002ರಲ್ಲಿ ಕೊಂಡುಕೊಂಡದ್ದು ಪ್ರಿಂಟರುಗಳಿಗೆ ಹೆಸರಾದ ಎಚ್‌ಪಿ. ಇನ್ನು ಆಸ್ಟಿನ್‌ನಲ್ಲಿ 1984ರಲ್ಲಿ ಮೈಕೆಲ್ ಡೆಲ್ ಎಂಬ ವಿದ್ಯಾರ್ಥಿ ತನ್ನ ಹಾಸ್ಟೆಲ್ ಕೋಣೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರತೊಡಗಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಓದು ಬಿಟ್ಟ ಭಾಗ ಮಾತ್ರ ಅವರಿಗೆ ಸ್ವಲ್ಪ ಚೆನ್ನಾಗಿಯೇ ನೆನಪಿರುತ್ತದೆ. ಹೀಗೆ ಕಂಪ್ಯೂಟರಿನ ಇತಿಹಾಸದ ಮೂರು ಮುಖ್ಯ ಮನೆಗಳು ನಮ್ಮ ಮೂರು ಊರುಗಳಲ್ಲಿವೆ. ಆದರೂ ನಮ್ಮ ತಮ್ಮನ ಮನೆಯ ಪ್ರಿಂಟರ್ ಹನ್ನೆರಡು ದಿನ ಮೂಕವಾಗಿ ಕುಳಿತಿತ್ತು.

ನಮ್ಮ ಸಂಸಾರವೂ ಈ ಮೂರು ಊರುಗಳಲ್ಲೇ ಹಂಚಿಹೋಗಿದೆ. ನಾವು ಡಾಲಸ್‌ನಲ್ಲಿ, ತಂಗಿ ಆಸ್ಟಿನ್‌ನ ಪಕ್ಕದ ರೌಂಡ್ ರಾಕ್‌ನಲ್ಲಿ, ತಮ್ಮ ಹ್ಯೂಸ್ಟನ್‌ನ ಪಕ್ಕದ ಕೇಟಿಯಲ್ಲಿ. ಅಪ್ಪ ಅಮ್ಮ ಇರುವುದು ತಮ್ಮನ ಮನೆಯಲ್ಲಿ. ಅಲ್ಲಿಗೆ ಇಲ್ಲಿಂದ ನಾಲ್ಕು ಗಂಟೆಯ ದಾರಿ. ನಡುವೆ ಮ್ಯಾಡಿಸನ್‌ವಿಲ್‌ನ ಬಕೀಸ್‌ನಲ್ಲಿ ನಿಲ್ಲಿಸಿದರೆ, ಮಕ್ಕಳಿದ್ದರೆ, ಐದು ಗಂಟೆ.

ಅಪ್ಪನಿಗೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. ಊರಿನಲ್ಲಿದ್ದಾಗಲೇ ಶಸ್ತ್ರಚಿಕಿತ್ಸೆ ಮಾಡಿ ಲೋಹದ ಕವಾಟ ಹಾಕಿದರು. ಅಂಥ ಕವಾಟ ಇರುವವರು ಬದುಕಿರುವವರೆಗೂ ವಾರ್ಫರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ ತೆಗೆದುಕೊಳ್ಳಬೇಕು. ಈಚೆಗೆ ಬಂದಿರುವ, ಪದೇ ಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಲೋಹದ ಕವಾಟಕ್ಕೆ ಆಗಿಬರುವುದಿಲ್ಲ. ವಾರ್ಫರಿನ್ ಕಡಿಮೆಯಾದರೆ ಕವಾಟದ ಮೇಲೆ ಗಡ್ಡೆ ಕಟ್ಟಿ ಪಾರ್ಶ್ವವಾಯು ಆಗಬಹುದು. ಹೆಚ್ಚಾದರೆ ಎಲ್ಲಿಂದ ಬೇಕಾದರೂ ರಕ್ತ ಸೋರಬಹುದು. ಐಎನ್‌ಆರ್ ಎಂಬ ಪರೀಕ್ಷೆಯ ಅಂಕಿ ಅಪ್ಪನಂಥವರಲ್ಲಿ ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಅಂಕಿ ಏರಿಳಿದಂತೆ ಕ್ಲಿನಿಕ್‌ನವರು ಮಾತ್ರೆಯ ಪ್ರಮಾಣ ಬದಲಿಸುತ್ತಾ ಹೋಗುತ್ತಾರೆ. ಅಮ್ಮ ಹಿತ್ತಲಲ್ಲಿ ಬೆಳೆದ ದಂಟಿನ ಸೊಪ್ಪು ಒಂದು ವಾರ ಹುಲುಸಾಗಿ ಬಂದು, ದಿನವೂ ಸೊಪ್ಪಿನ ಹುಳಿಯಾದರೆ ಅದೂ ಅಂಕಿಯನ್ನು ಇಳಿಸುತ್ತದೆ. ಸೊಪ್ಪು ಬಿಡಬೇಕೆಂದಲ್ಲ, ವಾರ ವಾರ ಒಂದೇ ಹದದಲ್ಲಿರಬೇಕು, ಅಷ್ಟೆ.

ಅಮೆರಿಕದಲ್ಲಿ ಒಂದು ಅನುಕೂಲವಿದೆ. ವಾರ್ಫರಿನ್ ಮಾತ್ರೆ ಯಾವ ಕಂಪನಿಯದಾದರೂ ಪ್ರಮಾಣಕ್ಕೊಂದು ಬಣ್ಣ. ಐದು ಮಿಲಿಗ್ರಾಂ ಪೀಚ್ ಹಣ್ಣಿನ ಬಣ್ಣ. ಅಮ್ಮ ಅದಕ್ಕೆ ಕೇಸರಿ ಎನ್ನುತ್ತಾರೆ. ಎರಡೂವರೆಯದು ಹಸಿರು. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಆದರೆ ಓದಿ ನಂಬುವುದು ಕನ್ನಡವನ್ನು. ಆದ್ದರಿಂದ ಪ್ರತಿ ಭಾನುವಾರ ಸಂಜೆ ನಾವು ಡಾಲಸ್‌ನಿಂದ ಒಂದು ಹಾಳೆ ಸಿದ್ಧಮಾಡುತ್ತಿದ್ದೆವು. ದೊಡ್ಡ ಅಕ್ಷರದಲ್ಲಿ, ಸೋಮವಾರ ರಾತ್ರಿ ಕೇಸರಿ ಒಂದು, ಮಂಗಳವಾರ ರಾತ್ರಿ ಹಸಿರು ಒಂದು, ಹೀಗೆ. ಆ ಹಾಳೆ ಕೇಟಿಯ ಪ್ರಿಂಟರಿನಲ್ಲಿ ಬಂದು, ಫ್ರಿಜ್ಜಿನ ಮೇಲೆ ವೆಂಕಟರಮಣನ ಮ್ಯಾಗ್ನೆಟ್ಟಿನ ಕೆಳಗೆ ಕೂರುತ್ತಿತ್ತು.

ಡಾಲಸ್‌ನಲ್ಲಿ ಒತ್ತಿದ ಗುಂಡಿಗೆ ಕೇಟಿಯಲ್ಲಿ ಹಾಳೆ ಬರುವುದು ಹೇಗೆ? ಮೊದಲು ಗೂಗಲ್‌ನವರದೊಂದು ವ್ಯವಸ್ಥೆಯಿತ್ತು. 2020ರ ಕೊನೆಗೆ ಅದನ್ನು ಅವರು ಮುಚ್ಚಿದರು. ಆಮೇಲೆ ತಮ್ಮನ ಓದುವ ಕೋಣೆಯ ಹಳೆಯ ಕಂಪ್ಯೂಟರಿನೊಳಕ್ಕೆ ನಾವು ಇಲ್ಲಿಂದಲೇ ದೂರಸಂಪರ್ಕದಿಂದ ಹೊಕ್ಕು, ಅಲ್ಲಿ ಪ್ರಿಂಟ್ ಒತ್ತುವ ಅಭ್ಯಾಸ ಮಾಡಿಕೊಂಡೆವು.

ಇಲ್ಲಿ ಕನ್ನಡ ಅಕ್ಷರದ ಒಂದು ಉಪಕಥೆ. ನಮ್ಮ ಮೊದಲ ಹಾಳೆಯನ್ನು ನಾವು ಬಹಳ ಹಿಂದಿನ ‘ಬರಹ’ದ ಕಡತದಲ್ಲಿ ಮಾಡಿದ್ದೆವು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶ ಹೊರನಾಡಿನ ಕನ್ನಡಿಗರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಕೈಬರಹದಲ್ಲಿ ಬರೆದು ಜೆರಾಕ್ಸ್ ಮಾಡಿ ಹಂಚುತ್ತಿದ್ದ ಸಂಘದ ಪತ್ರಿಕೆಗಳನ್ನು ಕಂಡ ಹಿರಿಯರು ಇದನ್ನು ಒಪ್ಪುತ್ತಾರೆ. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಾಡಿಗೆದಾರ ಮಾಯವಾಗಿ ಮನೆ ಮಾಲೀಕನೇ ಬಾಗಿಲು ತೆರೆಯುತ್ತಾನೆ. ತಮ್ಮನ ಮನೆಯಲ್ಲಿ ಅಂದು ಬಂದ ಹಾಳೆಯನ್ನು ನೋಡಿ ಅಮ್ಮ, “ಇದ್ಯಾವ ಮಂತ್ರವೋ ಮಗು?” ಎಂದು ಕೇಳಿದರು. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸಿಕೊಳ್ಳಿ. ಆ ಅನುಕೂಲ ಬರಹದಲ್ಲೇ ಇದೆ. ಇನ್ನೊಬ್ಬರ ಮನೆಯಲ್ಲಿ ಮುದ್ರಿಸಬೇಕಾದ್ದನ್ನು ಪಿಡಿಎಫ್ ಮಾಡಿ ಕಳಿಸಿ. ಅದರಲ್ಲಿ ಅಕ್ಷರಗಳು ಬುತ್ತಿ ಕಟ್ಟಿಕೊಂಡೇ ಹೊರಡುತ್ತವೆ.

ಈಗ 2024ರ ಜುಲೈಗೆ ಬರೋಣ. ಹ್ಯೂಸ್ಟನ್‌ನವರಿಗೆ ವಿವರಿಸಬೇಕಾಗಿಲ್ಲ. 8ನೇ ತಾರೀಖು ಸೋಮವಾರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಮ್ಯಾಟಗೋರ್ಡದ ಬಳಿ ದಡ ಹತ್ತಿತು. ಮೊದಲ ದರ್ಜೆಯ ಚಂಡಮಾರುತ, ಏನೂ ಆಗುವುದಿಲ್ಲ ಎಂದುಕೊಂಡವರೇ ಹೆಚ್ಚು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಹೋಯಿತು. ಜುಲೈನ ಆ ಧಗೆಯಲ್ಲಿ ಫ್ಯಾನೂ ಇಲ್ಲದೆ ಜನ ಪಟ್ಟ ಪಾಡನ್ನು ಇಲ್ಲಿರುವ ಹಲವರು ಪಟ್ಟಿದ್ದೀರಿ. ತಮ್ಮನ ಮನೆಗೆ ದೀಪ ಬಂದದ್ದು ನಾಲ್ಕನೆಯ ದಿನ. ದೀಪ ಬಂದಾಗ ರೌಟರ್ ಸತ್ತಿತ್ತು. ಇಂಟರ್ನೆಟ್ಟಿನವರು ಹೊಸ ಪೆಟ್ಟಿಗೆ ತಂದಿಟ್ಟು ಹೋದರು. ಕಂಪ್ಯೂಟರಿಗೆ ಆ ಪೆಟ್ಟಿಗೆಯಿಂದ ತಂತಿಯಿದ್ದುದರಿಂದ ಅದಕ್ಕೆ ತೊಂದರೆಯಾಗಲಿಲ್ಲ. ಪ್ರಿಂಟರಿಗೆ ಮಾತ್ರ ತಂತಿಯಿರಲಿಲ್ಲ.

14ನೇ ತಾರೀಖು ಭಾನುವಾರ ನಾವು ಎಂದಿನಂತೆ ಇಲ್ಲಿಂದ ಪ್ರಿಂಟ್ ಒತ್ತಿದೆವು. ಬರಲಿಲ್ಲ. ಮತ್ತೊಮ್ಮೆ ಒತ್ತಿದೆವು. ಬರಲಿಲ್ಲ. ‘ಆಫ್‌ಲೈನ್’ ಎಂದು ತೋರಿಸಿತು. ಸರಿ, ತಮ್ಮನಿಗೆ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿ, ಕೈಯಲ್ಲಿ ಬರೆದು ಅಂಟಿಸು ಎಂದೆವು. ಆ ವಾರದ ಹಾಳೆಯಲ್ಲಿ ಇದ್ದದ್ದು ಪ್ರತಿ ರಾತ್ರಿ ಕೇಸರಿ ಒಂದು. ಈ ಎರಡು ಸಲದ ಒತ್ತುವಿಕೆಯನ್ನು ತಾವು ನೆನಪಿಟ್ಟುಕೊಳ್ಳಬೇಕು, ನಾವು ಮರೆತುಬಿಟ್ಟೆವು.

ಇಲ್ಲಿ ಕಥೆ ನಿಲ್ಲಿಸಿ, ಪ್ರಿಂಟರಿಗೆ ಏನಾಗಿತ್ತೆಂದು ಹೇಳುತ್ತೇವೆ. ತಮ್ಮ ಮನೆಗಳಲ್ಲಿ ಆಗುವುದೂ ಹತ್ತರಲ್ಲಿ ಎಂಟು ಸಲ ಇದೇ.

ತಂತಿಯಿಲ್ಲದ ಪ್ರಿಂಟರಿಗೆ ಮನೆ ಗೊತ್ತಿಲ್ಲ, ಮನೆಯವರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಹೆಸರು, ಒಂದು ಗುಟ್ಟಿನ ಪದ. ರೌಟರ್ ಬದಲಾದ ದಿನ ಹೆಸರೂ ಬದಲಾಯಿತು. ಪ್ರಿಂಟರ್ ಮಾತ್ರ ಹಳೆಯ ಹೆಸರನ್ನೇ ಕೂಗುತ್ತಾ ಕುಳಿತಿತ್ತು. ಮದುವೆಯಾಗಿ ಹೋದ ಮಗಳನ್ನು ಹಳೆಯ ಕೋಣೆಯ ಬಾಗಿಲಲ್ಲಿ ನಿಂತು ಕರೆಯುವ ಅಜ್ಜಿಯ ಹಾಗೆ. ಅದಕ್ಕೊಂದು ಸುಲಭ ಉಪಾಯವಿದೆ, ಯಾರೂ ಹೇಳಿಕೊಡುವುದಿಲ್ಲ. ಹೊಸ ರೌಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ ತಪ್ಪದಂತೆ, ದೊಡ್ಡಕ್ಷರ ಸಣ್ಣಕ್ಷರ ಬದಲಾಗದಂತೆ ಇಟ್ಟುಬಿಡಿ. ಪ್ರಿಂಟರ್, ಟೀವಿ, ಬಾಗಿಲ ಗಂಟೆ ಎಲ್ಲವೂ ಸಾಮಾನ್ಯವಾಗಿ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಹಾಗೆ ಮಾಡದಿದ್ದರೆ ಪ್ರಿಂಟರಿನ ಮುಖದ ಮೇಲಿನ ಚಿಕ್ಕ ಪರದೆಯಲ್ಲಿ ವೈರ್‌ಲೆಸ್ ಸೆಟಪ್ ಎಂಬುದನ್ನು ಹುಡುಕಿ, ಹೊಸ ಹೆಸರನ್ನು ಆರಿಸಿ, ಗುಟ್ಟಿನ ಪದವನ್ನು ಒಂದೊಂದೇ ಅಕ್ಷರ ಕುಟ್ಟಬೇಕು. ಪರದೆಯೇ ಇಲ್ಲದ ಅಗ್ಗದ ಪ್ರಿಂಟರುಗಳಲ್ಲಿ ಡಬ್ಲ್ಯೂಪಿಎಸ್ ಎಂಬ ಗುಂಡಿ ಇರುತ್ತದೆ. ರೌಟರಿನ ಮೇಲೂ ಅದೇ ಗುಂಡಿ ಇದ್ದರೆ, ಒಂದನ್ನು ಒತ್ತಿದ ಎರಡು ನಿಮಿಷದೊಳಗೆ ಇನ್ನೊಂದನ್ನು ಒತ್ತಬೇಕು. ರೌಟರ್ ಮಹಡಿಯಲ್ಲೂ ಪ್ರಿಂಟರ್ ಕೆಳಗೂ ಇದ್ದರೆ ಮೊಣಕಾಲಿಗೆ ಒಳ್ಳೆಯ ವ್ಯಾಯಾಮ. ಹೊಸ ರೌಟರುಗಳಲ್ಲಿ ಈ ಗುಂಡಿಯನ್ನು ಭದ್ರತೆಯ ಕಾರಣಕ್ಕೆ ತೆಗೆದುಹಾಕಿರುವುದೂ ಉಂಟು. ಆಗ ಫೋನಿನಲ್ಲಿ ಪ್ರಿಂಟರ್ ಕಂಪನಿಯ ಆ್ಯಪ್ ಹಾಕಿಕೊಳ್ಳುವುದೇ ದಾರಿ.

ಎಲ್ಲ ಸರಿಯಾಗಿ ಕುಟ್ಟಿದರೂ ಕೆಲವು ಪ್ರಿಂಟರುಗಳಿಗೆ ಮನೆಯ ಹೆಸರೇ ಕಾಣುವುದಿಲ್ಲ. ಕಾರಣ ತರಂಗದ್ದು. ಮನೆಯ ವೈ-ಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಹರಿಯುತ್ತದೆ. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್‌ನದು ಚುರುಕು, ಆದರೆ ಎರಡು ಗೋಡೆಗೇ ಸುಸ್ತಾಗುತ್ತದೆ. ಅಗ್ಗದ ಪ್ರಿಂಟರುಗಳಲ್ಲಿ ಎಷ್ಟೋ ಮೊದಲನೆಯದನ್ನು ಮಾತ್ರ ಬಲ್ಲವು. ರೌಟರಿನಲ್ಲಿ ಅದನ್ನು ಆರಿಸಿಬಿಟ್ಟಿದ್ದರೆ ಪ್ರಿಂಟರಿಗೆ ಮನೆಯೇ ಇಲ್ಲ. ಈ 2.4ರ ಪಟ್ಟಿಯ ಚರಿತ್ರೆಯೂ ಸ್ವಾರಸ್ಯವಾದದ್ದು. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಅದರಲ್ಲೇ. ಯಾರಿಗೂ ಬೇಡವಾದ ಇಂಥ ಪಟ್ಟಿಗಳನ್ನು ಅಮೆರಿಕದ ಎಫ್‌ಸಿಸಿ 1985ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ಅದರ ಮೇಲೆ ಕಟ್ಟಿದ 802.11 ಎಂಬ ಮೊದಲ ನಿಯಮಾವಳಿ ಬಂದದ್ದು 1997ರಲ್ಲಿ. ವೈ-ಫೈ ಎಂಬ ಹೆಸರು ಬಂದದ್ದು 1999ರಲ್ಲಿ. ಆದ್ದರಿಂದ ಪ್ರಿಂಟರನ್ನು ಮೈಕ್ರೋವೇವ್ ಪಕ್ಕದಲ್ಲಿ ಇಟ್ಟುಕೊಂಡು, ಉಪ್ಪಿಟ್ಟು ಬಿಸಿಮಾಡುವಾಗಲೆಲ್ಲ ಪ್ರಿಂಟ್ ನಿಲ್ಲುತ್ತದೆ ಎನ್ನುವವರು ಭ್ರಮೆಯಲ್ಲಿಲ್ಲ.

ನೆಂಟರಿಗೆಂದು ಇಡುವ ಗೆಸ್ಟ್ ನೆಟ್‌ವರ್ಕ್ ಇನ್ನೊಂದು ಬಲೆ. ಅದರಲ್ಲಿ ಒಂದು ಯಂತ್ರಕ್ಕೆ ಇನ್ನೊಂದು ಕಾಣದಂತೆ ಸಾಮಾನ್ಯವಾಗಿ ಪರದೆ ಎಳೆದಿರುತ್ತಾರೆ. ಪ್ರಿಂಟರ್ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೆ ಎರಡೂ ‘ಕನೆಕ್ಟೆಡ್’ ಎನ್ನುತ್ತವೆ, ಹಾಳೆ ಮಾತ್ರ ಬರುವುದಿಲ್ಲ. ನಮ್ಮ ಆಸ್ಪತ್ರೆಯ ಲ್ಯಾಪ್‌ಟಾಪಿನದೂ ಇದೇ ಹಾಡು. ಅದು ವಿಪಿಎನ್ ಎಂಬ ಸುರಂಗದಲ್ಲಿ ಆಸ್ಪತ್ರೆಗೆ ಸೇರಿಕೊಂಡಾಗ ಅದರ ಪಾಲಿಗೆ ಮನೆಯ ಪ್ರಿಂಟರ್ ಇಲ್ಲವೇ ಇಲ್ಲ. ಇದು ಕೆಟ್ಟದ್ದಲ್ಲ. ರೋಗಿಯ ಕಾಗದ ವೈದ್ಯನ ಊಟದ ಮೇಜಿನ ಮೇಲೆ ಬಿದ್ದಿರಬಾರದು. ವೈದ್ಯಮಿತ್ರರು ಇದನ್ನು ‘ಸರಿಮಾಡಲು’ ಹೋಗಬೇಡಿ.

ಇಷ್ಟಾದ ಮೇಲೂ ಕಾಯಿಲೆ ಗೊತ್ತಾಗದಿದ್ದರೆ, ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವರದಿಯನ್ನು ಮುದ್ರಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಅದು ಲ್ಯಾಬ್ ರಿಪೋರ್ಟ್. ಅದರಲ್ಲಿ ಐಪಿ ವಿಳಾಸ ಎಂಬ ಸಾಲನ್ನು ನೋಡಿ. 192.168 ಎಂದು ಶುರುವಾದರೆ ಬಹುಪಾಲು ಮನೆಗಳಲ್ಲಿ ಪ್ರಿಂಟರಿಗೆ ರೌಟರ್ ಮನೆ ನಂಬರು ಕೊಟ್ಟಿದೆ ಎಂದರ್ಥ. ದೋಷ ಕಂಪ್ಯೂಟರಿನ ಕಡೆ ಇದೆ. 169.254 ಎಂದು ಶುರುವಾದರೆ ಯಾರೂ ನಂಬರು ಕೊಟ್ಟಿಲ್ಲ, ಪ್ರಿಂಟರ್ ತಾನೇ ಒಂದು ಬರೆದುಕೊಂಡಿದೆ. ರೌಟರ್ ಈ ನಂಬರನ್ನು ಆಗಾಗ ಬದಲಿಸಬಹುದು, ವಿದ್ಯುತ್ ಹೋಗಿ ಬಂದಾಗ ವಿಶೇಷವಾಗಿ. ಹಳೆಯ ನಂಬರಿನ ಬಾಗಿಲು ತಟ್ಟುತ್ತಿರುವ ಕಂಪ್ಯೂಟರ್ ‘ಆಫ್‌ಲೈನ್’ ಎಂದು ಕೈಚೆಲ್ಲುತ್ತದೆ. ರೌಟರಿನ ಒಳಗೆ ಹೋಗಿ, ಪ್ರಿಂಟರಿಗೆ ಒಂದು ನಂಬರನ್ನು ಕಾಯಂ ಆಗಿ ಕಾದಿರಿಸಿದರೆ ಅರ್ಧ ಆಯುಷ್ಯದ ತಲೆನೋವು ಕಳೆಯುತ್ತದೆ. ಹತ್ತು ನಿಮಿಷದ ಕೆಲಸ. ನಾವು ಅದನ್ನು ಹತ್ತು ವರ್ಷ ಮುಂದೂಡಿದ್ದೆವು.

ಇನ್ನು ಕಥೆ.

ಆ ಧಗೆಯಲ್ಲಿ ನೀರು ಕಡಿಮೆಯಾಗಿ ಅಪ್ಪನಿಗೆ ಮೂತ್ರದ ಸೋಂಕು ಬಂತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಸಲ್ಫಾ ಗುಂಪಿನ ಆಂಟಿಬಯಾಟಿಕ್ ಕೊಟ್ಟರು. ವಾರ್ಫರಿನ್ ಜೊತೆಗೆ ಅದು ಸೇರಿದರೆ ಐಎನ್‌ಆರ್ ಸರ್ರನೆ ಏರುತ್ತದೆ. ತಮ್ಮ ನಮಗೆ ಹೇಳಿದ್ದು ಎರಡು ದಿನ ಬಿಟ್ಟು. 18ನೇ ತಾರೀಖು ಗುರುವಾರ ರಕ್ತ ಪರೀಕ್ಷೆ ಮಾಡಿಸಿದಾಗ ಅಂಕಿ 4.6. ವಾರ್ಫರಿನ್ ನೋಡಿಕೊಳ್ಳುವ ಕ್ಲಿನಿಕ್‌ನವರು ಅಂದಿನ ಮಾತ್ರೆ ಬಿಡಿಸಿ, ಶುಕ್ರವಾರದಿಂದ ಮುಂದಿನ ಪರೀಕ್ಷೆಯವರೆಗೆ ಪ್ರತಿ ರಾತ್ರಿ ಹಸಿರು ಒಂದು ಎಂದರು.

20ನೇ ತಾರೀಖು ಶನಿವಾರ ಆಸ್ಟಿನ್‌ನಿಂದ ತಂಗಿ ಬಂದಳು. ತಮ್ಮ ದಂಪತಿಗಳಿಗೆ ಮುರಿದ ಬೇಲಿ ಎತ್ತುವುದೇ ಆಗಿತ್ತು. ಪ್ರಿಂಟರಿನ ಮುಂದೆ ಕುಳಿತವಳು ಅವಳೇ. ನಾವು ಫೋನಿನಲ್ಲಿ. “ಅಣ್ಣಾ, ನೀಲಿ ದೀಪ ಮಿಣುಕ್ತಾ ಇದೆ.” ಮಿಣುಕಲಿ. “ಅಣ್ಣಾ, ಮನೆ ಹೆಸರು ಕಾಣಿಸ್ತಾ ಇದೆ.” ಆರಿಸು. “ಪಾಸ್‌ವರ್ಡ್ ತಪ್ಪು ಅಂತಿದೆ.” ಸೊನ್ನೆಯೋ ಓ ಅಕ್ಷರವೋ ನೋಡು. “ಅಯ್ಯೋ, ಸೊನ್ನೆ!” ಮೂರನೆಯ ಸಲಕ್ಕೆ ದೀಪ ಮಿಣುಕುವುದು ನಿಂತು ಸ್ಥಿರವಾಯಿತು. ಆಪರೇಷನ್ ಥಿಯೇಟರಿನಲ್ಲೂ ನಮಗೆ ಅಷ್ಟು ಸಮಾಧಾನವಾದದ್ದು ಕಡಿಮೆ. ಅವಳು ತನ್ನ ಫೋನಿನಿಂದಲೇ ಹೊಸ ಹಾಳೆಯನ್ನು ಮುದ್ರಿಸಿ, ಹಸಿರು ಒಂದು, ಹಸಿರು ಒಂದು ಎಂದು ಅಮ್ಮನಿಗೆ ಓದಿ ಹೇಳಿ, ವೆಂಕಟರಮಣನ ಕೆಳಗೆ ಸಿಕ್ಕಿಸಿ, ಭಾನುವಾರ ಮಧ್ಯಾಹ್ನ ಆಸ್ಟಿನ್‌ಗೆ ಹೊರಟಳು. ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಅದು ಆರಿಸಿಯೇ ಇತ್ತು.

ಭಾನುವಾರ ರಾತ್ರಿ ತಮ್ಮ ವಿಮೆಯ ಕಾಗದಕ್ಕೆಂದು ಕಂಪ್ಯೂಟರ್ ಹಾಕಿದ. ಪ್ರಿಂಟರ್ ಮತ್ತೆ ಮನೆಗೆ ಬಂದಿರುವುದು ಕಂಪ್ಯೂಟರಿಗೆ ಕಂಡಿತು. ಒಂದು ವಾರದಿಂದ ಸಾಲಿನಲ್ಲಿ ನಿಂತು ಕಾಯುತ್ತಿದ್ದ ನಮ್ಮ ಎರಡು ಹಾಳೆಗಳನ್ನು ಅದು ಬಹಳ ಪ್ರಾಮಾಣಿಕವಾಗಿ ಮುದ್ರಿಸಿತು. ತಮ್ಮ ಅಷ್ಟರಲ್ಲಿ ಮಲಗಲು ಹೋಗಿದ್ದ. ಬೆಳಿಗ್ಗೆ ತಟ್ಟೆಯಲ್ಲಿ ಹೊಸ ಹಾಳೆ ನೋಡಿದ ಅಮ್ಮ, ಭಾನುವಾರವಲ್ಲವೇ, ಮಗ ಎಂದಿನಂತೆ ಕಳಿಸಿದ್ದಾನೆ ಎಂದುಕೊಂಡು, ತಂಗಿಯ ಹಾಳೆ ತೆಗೆದು ಇದನ್ನು ಸಿಕ್ಕಿಸಿದರು. ಪ್ರತಿ ರಾತ್ರಿ ಕೇಸರಿ ಒಂದು. ಅಮ್ಮನದು ಏನೂ ತಪ್ಪಿಲ್ಲ. ಆ ಹಾಳೆಯ ಮೇಲೆ ವಾರಗಳ ಹೆಸರಿತ್ತು, ತಾರೀಖು ಇರಲಿಲ್ಲ. ರೆಸಿಡೆನ್ಸಿಯ ಮೊದಲ ವಾರದಲ್ಲೇ ಹಿರಿಯರು ನಮಗೆ ಗದರಿ ಕಲಿಸಿದ್ದು, ತಾರೀಖು ಮತ್ತು ಹೊತ್ತು ಹಾಕದ ಯಾವ ಆದೇಶಕ್ಕೂ ಸಹಿ ಮಾಡಬೇಡಿ ಎಂದು. ಆಸ್ಪತ್ರೆಯಲ್ಲಿ ಒಂದು ದಿನವೂ ತಪ್ಪದ ನಿಯಮವನ್ನು ನಾವು ಅಪ್ಪನ ಹಾಳೆಯ ಮೇಲೆ ಪಾಲಿಸಿರಲಿಲ್ಲ. ಮನೆಯದು ತಾನೇ ಎಂಬ ಸಲಿಗೆ.

24ನೇ ತಾರೀಖು ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ ಅಪ್ಪನ ಒಸಡಿನಿಂದ ರಕ್ತ ನಿಲ್ಲಲಿಲ್ಲ. ಮುಂಗೈಯ ಮೇಲೆ ಅಂಗೈಯಗಲ ನೀಲಿ. ತಮ್ಮ ಚಿತ್ರ ಕಳಿಸಿದ. ಹಾಳೆಯ ಚಿತ್ರವನ್ನೂ ಕಳಿಸು ಎಂದೆವು. ಕೇಸರಿ ಎಂಬ ಅಕ್ಷರಗಳನ್ನು ನೋಡಿದಾಗ ನಮಗಾದದ್ದನ್ನು ಇಲ್ಲಿ ವಿವರಿಸುವುದಿಲ್ಲ. ನಾವೇ ಬರೆದ ಅಕ್ಷರ, ನಾವೇ ಎರಡು ಸಲ ಒತ್ತಿದ ಗುಂಡಿ.

ತುರ್ತು ವಿಭಾಗದಲ್ಲಿ ಅಂಕಿ 6.4. ತಲೆಯ ಸ್ಕ್ಯಾನ್ ಸರಿಯಾಗಿತ್ತು. ಲೋಹದ ಕವಾಟವಿರುವವರಲ್ಲಿ ಇದನ್ನು ಅವಸರದಿಂದ ಇಳಿಸುವಂತಿಲ್ಲ; ಇಳಿದದ್ದು ಹೆಚ್ಚಾದರೆ ಕವಾಟದ ಮೇಲೆ ಗಡ್ಡೆ. ಮಾತ್ರೆ ನಿಲ್ಲಿಸಿ, ಎರಡು ದಿನ ಇರಿಸಿಕೊಂಡು, ಪದೇ ಪದೇ ಪರೀಕ್ಷಿಸಿ, ಅಂಕಿ ಮೂರರ ಸುತ್ತ ಬಂದ ಮೇಲೆ ಕಳಿಸಿದರು. ನಾವು ಐ-45ರಲ್ಲಿ ಎಲ್ಲಿಯೂ ನಿಲ್ಲದೆ ಹೋಗಿದ್ದೆವು. ಅಪ್ಪ ಮಂಚದ ಮೇಲೆ ಕುಳಿತು, “ಮಳೆಗಾಳಿಯಲ್ಲಿ ಉಳಿದೆ, ಕಾಗದದಲ್ಲಿ ಸಿಕ್ಕಿಹಾಕಿಕೊಂಡೆ” ಎಂದರು. ನಗಲು ನಮಗೆ ಆಗಲಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಎರಡು ರಾತ್ರಿಯ ಕೇಸರಿ ಮಾತ್ರೆಯೊಂದೇ ಅಂಕಿಯನ್ನು ಅಷ್ಟು ಏರಿಸಿತೆಂದು ಯಾವ ವೈದ್ಯನೂ ಆಣೆ ಮಾಡಲಾರ. ಆಂಟಿಬಯಾಟಿಕ್ ಇನ್ನೂ ಮೈಯಲ್ಲಿತ್ತು, ಊಟ ಸರಿಯಿರಲಿಲ್ಲ, ಸೊಪ್ಪು ಗಾಳಿಗೆ ಹೋಗಿತ್ತು. ಎಲ್ಲ ಸೇರಿ ಆದದ್ದು. ಆದರೆ ಸೇರಿದ್ದರಲ್ಲಿ ನಮ್ಮ ಪಾಲು ಆ ಹಾಳೆ.

ಆದ್ದರಿಂದ ತಾವು ಇವತ್ತು ಮನೆಗೆ ಹೋಗಿ ಪ್ರಿಂಟರನ್ನು ಹೊಸ ವೈ-ಫೈಗೆ ಸೇರಿಸುವ ಮೊದಲು, ದಯವಿಟ್ಟು ಕಂಪ್ಯೂಟರಿನಲ್ಲಿ ಪ್ರಿಂಟರಿನ ಹೆಸರನ್ನು ತೆರೆದು, ಕಾಯುತ್ತಿರುವ ಹಾಳೆಗಳ ಸಾಲನ್ನು ನೋಡಿ. ಕ್ಯೂ ಎನ್ನುತ್ತಾರೆ. ಅಲ್ಲಿ ಇರುವುದನ್ನೆಲ್ಲ ರದ್ದುಮಾಡಿ. ಕಂಪ್ಯೂಟರ್ ಆರಿಸಿ ಹಾಕಿದರೆ ಅವು ಹೋಗುತ್ತವೆ ಎಂದುಕೊಳ್ಳಬೇಡಿ. ಹೋಗುವುದಿಲ್ಲ, ತಾಳ್ಮೆಯಿಂದ ಕಾಯುತ್ತವೆ. ರದ್ದಾಗದೆ ಹಟ ಹಿಡಿದರೆ ಪ್ರಿಂಟ್ ಸ್ಪೂಲರ್ ಎಂಬ ಸೇವೆಯನ್ನು ನಿಲ್ಲಿಸಿ, ಅಲ್ಲಿ ಉಳಿದ ಕಡತಗಳನ್ನು ಅಳಿಸಿ, ಮತ್ತೆ ಹಾಕಬೇಕು. ಮನೆಯ ಹೈಸ್ಕೂಲು ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ ಎಲ್ಲದರಲ್ಲೂ ನೋಡಿ. ಪ್ರಿಂಟ್ ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತುವ ಚಾಳಿಯನ್ನು ಬಿಡಿ. ಇದನ್ನು ಬೇರೆ ಯಾರಿಗಿಂತ ಮೊದಲು ನಾವು ನಮಗೇ ಹೇಳಿಕೊಂಡಿದ್ದೇವೆ.

ಕೇಟಿಯ ಪ್ರಿಂಟರಿಗೆ ಈಗ ಕಾಯಂ ನಂಬರಿದೆ. ರೌಟರಿನ ಹೆಸರು, ಗುಟ್ಟಿನ ಪದ ಎರಡನ್ನೂ ತಂಗಿ ಒಂದು ಚೀಟಿಯಲ್ಲಿ ಬರೆದು, ಸೊನ್ನೆಗೆ ಅಡ್ಡಗೆರೆ ಹಾಕಿ, ಅಡಿಗೆಮನೆಯ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದಾಳೆ. ಹಾಳೆಯ ತಲೆಯ ಮೇಲೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಮಾತ್ರೆಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಭಾನುವಾರ ರಾತ್ರಿ ಎಂಟಕ್ಕೆ ಮೂರೂ ಊರಿನವರು ಫೋನಿನಲ್ಲಿ ಸೇರುತ್ತೇವೆ. ಅಮ್ಮ ಕನ್ನಡಕ ಹಾಕಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ತಾರೀಖಿನಿಂದ ಶುರುಮಾಡಿ ಏಳು ದಿನವನ್ನೂ ಓದುತ್ತಾರೆ. ನಾವು ಹೂಂ ಎಂದ ಮೇಲೆ ಹಳೆಯ ಹಾಳೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು, ಅದರ ಹಿಂಬದಿಯಲ್ಲಿ ಆ ವಾರದ ಸಾಮಾನಿನ ಪಟ್ಟಿ ಬರೆಯುತ್ತಾರೆ. ಮೊನ್ನೆಯ ಪಟ್ಟಿಯಲ್ಲಿ ಬೆಲ್ಲ, ಹುಣಿಸೆಹಣ್ಣು, ಚಿರೋಟಿ ರವೆ, ಪ್ರಿಂಟರಿಗೆ ಕಪ್ಪು ಇಂಕು ಎಂದಿತ್ತು.

ಊಟಕ್ಕೆ ಕರೆಯುತ್ತಿದ್ದಾರೆ. ಪ್ರಶ್ನೆಗಳಿದ್ದವರು ಹೋಳಿಗೆಯ ಸಾಲಿನಲ್ಲಿ ನಮ್ಮನ್ನು ಹಿಡಿಯಬಹುದು; ನಿಮ್ಮ ಪ್ರಿಂಟರಿನ ಮಾಡೆಲ್ ನಂಬರು ತಿಳಿದಿದ್ದರೆ ಒಳ್ಳೆಯದು. ರಕ್ತದೊತ್ತಡದವರು ಊಟವಾದ ಮೇಲೆ ಬನ್ನಿ.